ಗಿಟಾರಿನವಳ ಸೊಟ್ಟ ಫೋಟೊಗಳು

ಬೆಳಿಗ್ಗೆ ಎಂಟು ಗಂಟೆಗೆ ಪುಸ್ತಕ ಬಂತು. ಮನೆಮಂದಿಯೆಲ್ಲ ಬ್ರೆಡ್ಡು, ಬೇಯಿಸಿದ ಮೊಟ್ಟೆ ಮುಂದಿಟ್ಟುಕೊಂಡು ಅಡುಗೆಮನೆಯ ಮೇಜಿನ ಸುತ್ತ ಕೂತಿದ್ದ ಹೊತ್ತು. ಅಂಚೆಯವನು ಸಹಿ ಹಾಕಿಸಿಕೊಂಡು, ಪೊಟ್ಟಣವನ್ನು ಎರಡೂ ಕೈಯಲ್ಲಿ ಎತ್ತಿಕೊಟ್ಟು, “ಒಳಗೇನು ಚಪ್ಪಡಿ ಕಲ್ಲಾ ಅಕ್ಕಾ?” ಎಂದು ಕೇಳಿ ಹೋದ.

ಅವಳು ಅವನಿಗಷ್ಟೇ ಅಲ್ಲ, ಇಡೀ ಬೀದಿಗೆ ಅಕ್ಕ, ಸ್ಟುಡಿಯೊ ಅಕ್ಕ. ವಯಸ್ಸು ಐವತ್ತಕ್ಕೆ ಒಂದು ಕಡಿಮೆ. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಫೋಟೊ ಸ್ಟುಡಿಯೊ, ಅದರ ಹಿಂದೆ ಅಡುಗೆಮನೆ, ಮೇಲೆ ಮಲಗುವ ಮೂರು ಕೋಣೆ. ಇಷ್ಟು ಅವರ ಮನೆ. ಸ್ಟುಡಿಯೊ ಕಟ್ಟಿದವರು ಅವಳ ಅಪ್ಪ. ಗುರುತಿನ ಚೀಟಿಗೆ ಫೋಟೊ ತೆಗೆಸಲು ಬಂದ ಪ್ರತಿಯೊಬ್ಬರಿಗೂ “ಕತ್ತು ನೇರ” ಎಂದು ಹೇಳಿ ಹೇಳಿ, ಊರ ಬಾಯಲ್ಲಿ ಅವರ ಹೆಸರೇ ಕತ್ತುನೇರ ತಾತ ಎಂದಾಗಿತ್ತು. ಮೊಣಕಾಲು ಕೈಕೊಟ್ಟ ಮೇಲೆ ಕ್ಯಾಮೆರಾವನ್ನು ಮಗಳಿಗೆ ಒಪ್ಪಿಸಿದ್ದರು. ಬಾಯನ್ನು ಒಪ್ಪಿಸಿರಲಿಲ್ಲ. ಬಾಗಿಲ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತು, ಅವಳು ಗುಂಡಿ ಒತ್ತುವ ಮೊದಲು ಗಿರಾಕಿಯ ಕಾಲರಿಗೆ, ಕಿವಿಗೆ, ಗಲ್ಲಕ್ಕೆ ಒಂದೊಂದು ಮಾತು ಹೇಳುತ್ತಿದ್ದರು.

ಅಕ್ಕ ಕೈ ತೊಳೆದು, ಒರೆಸಿ, ಒಣಗಿದೆಯೇ ಎಂದು ಇನ್ನೊಮ್ಮೆ ನೋಡಿಕೊಂಡು ಪೊಟ್ಟಣ ಬಿಚ್ಚಿದಳು.

“ನಾನು ತರೋ ಬ್ರೆಡ್ಡಿಗೆ ಇವಳು ಯಾವತ್ತಾದ್ರೂ ಇಷ್ಟು ಮರ್ಯಾದೆ ಕೊಟ್ಟಿದ್ದಾಳಾ ಅತ್ತೆ?” ಎಂದ ಅವಳ ಗಂಡ. ಬೇಕರಿಯಲ್ಲಿ ರಾತ್ರಿ ಪಾಳಿಯವನು. ಮನೆಯವರ ಬೆಳಗಿನ ತಿಂಡಿ ಅವನಿಗೆ ರಾತ್ರಿಯ ಊಟ.

“ಬ್ರೆಡ್ಡು ದಿನಾ ಬರುತ್ತೆ,” ಎಂದರು ಅಜ್ಜಿ, ಅಂದರೆ ಅಕ್ಕನ ಅಮ್ಮ.

ಪುಸ್ತಕ ಮಾಡಿದವಳು ಒಂದು ಪಂಕ್ ಸಂಗೀತದ ತಂಡದ ಗಿಟಾರಿನವಳು. ಮೂರೇ ಮೂರು ಸ್ವರಗುಚ್ಛ ಬಾರಿಸುತ್ತಾ, ಗಂಟಲು ಹರಿಯುವಂತೆ ಹಾಡುತ್ತಾ, ಒಂದು ಹಳೆಯ ವ್ಯಾನಿನಲ್ಲಿ ಇಪ್ಪತ್ತು ವರ್ಷ ಊರೂರು ಸುತ್ತಿದ ತಂಡ ಅದು. ಆ ಇಪ್ಪತ್ತು ವರ್ಷವೂ ಅವಳ ಕೋಟಿನ ಜೇಬಿನಲ್ಲಿ ಒಂದು ಅಗ್ಗದ ಕ್ಯಾಮೆರಾ ಇತ್ತು. ಈಗ ಅರವತ್ತು ದಾಟಿದ ಮೇಲೆ ಆ ಫೋಟೊಗಳನ್ನು ಆರಿಸಿ, ನಡುನಡುವೆ ನೆನಪುಗಳನ್ನು ಬರೆದು, ಪುಸ್ತಕ ಮಾಡಿದ್ದಳು. ಅಕ್ಕ ಹತ್ತೊಂಬತ್ತನೆಯ ವಯಸ್ಸಿನಿಂದ ಅವಳ ಅಭಿಮಾನಿ.

“ಯಾರಿವಳು?” ತಾತ ರಟ್ಟಿನ ಮೇಲಿನ ಮುಖ ನೋಡಿ ಕೇಳಿದರು.

“ನಿಮಗೆ ಗೊತ್ತಪ್ಪ. ಬಸ್ ಷೆಡ್ಡಿಗೆ ಬಂದಿದ್ರಲ್ಲ.”

“ಓ. ಆ ತಗಡು ಬಡಿಯೋರಾ.”

ಮೂವತ್ತು ವರ್ಷದ ಹಿಂದೆ ಆ ತಂಡ ಊರಿನ ಬಸ್ ಷೆಡ್ಡಿನಲ್ಲಿ ಹಾಡಿತ್ತು. ಮಗಳನ್ನು ಕರೆತರಲು ಹೋದ ತಾತ ಒಳಗೆ ಕಾಲಿಡಲು ಒಪ್ಪದೆ, ಇಡೀ ಕಾರ್ಯಕ್ರಮವನ್ನು ತಗಡಿನ ಗೋಡೆಯ ಹೊರಗೆ ನಿಂತು ಕೇಳಿದ್ದರು. ದಾರಿಯಲ್ಲಿ ಕೇಳಿದ್ದು ಒಂದೇ ಪ್ರಶ್ನೆ: “ಕಿವಿ ಎರಡೂ ಇದೆಯಾ, ಒಂದನ್ನ ಅಲ್ಲೇ ಬಿಟ್ಟು ಬಂದ್ಯಾ?”

ಈಗ ಅವರು ಕನ್ನಡಕ ಏರಿಸಿ ಪುಸ್ತಕ ತೆರೆದರು. ಮೊದಲ ಪುಟ ದಾಟಿತು. ಎರಡನೆಯದೂ ದಾಟಿತು. ಮೂರನೆಯ ಪುಟದಲ್ಲಿ ಒಂದು ಖಾಲಿ ಬೀದಿ, ಬೀದಿಯಂಚಿನಲ್ಲಿ ವಾಲಿದ ದೀಪದ ಕಂಬ. ತಾತ ಪುಸ್ತಕ ಮುಚ್ಚಿದರು.

“ಕಂಬ ಬೀಳ್ತಾ ಇದೆ.”

“ಪೂರ್ತಿ ನೋಡಿ ಅಪ್ಪಾ.”

“ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಕು.”

“ಇದು ಅನ್ನ ಅಲ್ಲ.”

“ಫೋಟೊನೂ ಅಲ್ಲ,” ಎಂದು ತಾತ ಮೊಟ್ಟೆಯ ಕಡೆ ತಿರುಗಿದರು.

ಅಕ್ಕ ಪುಸ್ತಕವನ್ನು ಮೇಜಿನ ಅಂಚಿಗೆ ಸರಿಸಿದಳು. ಪಾತ್ರೆ ತೊಳೆಯುವಾಗ, ಒರೆಸಲು ನಿಂತ ಅಮ್ಮನ ಹತ್ತಿರ ಹೇಳಿಕೊಂಡಳು: “ಅವರು ಬೈಯಲಿ, ನಂಗೆ ಬೇಜಾರಿಲ್ಲ. ನೋಡಿ ಬೈಯಲಿ. ಹನ್ನೆರಡು ವರ್ಷದವಳಿದ್ದಾಗ ಫೋಟೊ ತೊಳೆಯೋ ಕತ್ತಲೆ ಕೋಣೆಗೆ ಕರ್ಕೊಂಡ್ಹೋಗಿ, ನೆರಳು ಯಾವುದು ಬೆಳಕು ಯಾವುದು ಅಂತ ಕಲಿಸಿದೋರು ಅವರು. ನಂಗೆ ಇಷ್ಟವಾದ ಫೋಟೊಗಳನ್ನ ಅವರು ಒಂದು ಸಲ, ಒಂದೇ ಸಲ, ಕೊನೇ ಪುಟದ ತನಕ ನೋಡಿದ್ರೆ ಸಾಕು.”

“ನಿಮ್ಮಪ್ಪ ನನ್ನ ಮುಖವನ್ನೇ ಪೂರ್ತಿ ನೋಡಿದ್ದು ಮದುವೆಯಾಗಿ ಎರಡು ವರ್ಷಕ್ಕೆ,” ಎಂದರು ಅಜ್ಜಿ. “ಅದೂ ಬಲಗಡೆ ಹುಬ್ಬು ಸ್ವಲ್ಪ ಮೇಲಿದೆ ಅಂತ ಹೇಳೋಕೆ.”

ಆ ವಾರವೆಲ್ಲ ಪುಸ್ತಕ ಅಡುಗೆಮನೆಯ ಮೇಜಿನ ಮೇಲೆಯೇ ಉಳಿಯಿತು. ಬೆಣ್ಣೆ ಕೈಯಲ್ಲಿ ಮುಟ್ಟಕೂಡದು, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಕೂಡದು ಎಂದು ಅಜ್ಜಿ ಕಟ್ಟಳೆ ಮಾಡಿದರು. ಕಟ್ಟಳೆ ಮಾಡಿದವರೇ ಮೊದಲು ಪುಸ್ತಕ ಹಿಡಿದು ಕೂತರು.

“ಇಪ್ಪತ್ತು ವರ್ಷದಲ್ಲಿ ಇವರಿಗೆ ಒಂದು ಶುಚಿಯಾದ ಬಚ್ಚಲು ಸಿಗಲಿಲ್ವಲ್ಲೇ,” ಎಂದು ಮೊದಲ ದಿನ ಗೊಣಗಿದರು. ತಂಡದವರು ಕಾಲುಚೀಲ ಒಗೆಯುವ, ಹಲ್ಲುಜ್ಜುವ, ತೊಟ್ಟಿಯ ಪಕ್ಕದಲ್ಲೇ ನಿದ್ದೆ ಹೋದ ಚಿತ್ರಗಳು ಬಹಳ ಇದ್ದವು. ಎರಡನೆಯ ದಿನ ಒಂದು ಪುಟದ ಮುಂದೆ ಬಹಳ ಹೊತ್ತು ನಿಂತರು. ಗಿಟಾರಿನವಳ ತಾಯಿ ತನ್ನ ಅಡುಗೆಮನೆಯಲ್ಲಿ ಡ್ರಮ್ಮಿನವನ ತಲೆ ತೊಳೆಯುತ್ತಿರುವ ಚಿತ್ರ. “ಈ ತಾಯಿ ಒಳ್ಳೆಯವಳು. ನೀರು ಕಿವಿಗೆ ಹೋಗದ ಹಾಗೆ ಕೈ ಅಡ್ಡ ಇಟ್ಟಿದ್ದಾಳೆ, ನೋಡು.”

ಬೇಕರಿಯವನಿಗೆ ಸಿಕ್ಕಿದ್ದು ಬೇಕರಿಯ ಚಿತ್ರ. ನಸುಕಿನಲ್ಲಿ ಯಾವುದೋ ಊರಿನ ಬೇಕರಿಯ ಹಿಂಬಾಗಿಲಲ್ಲಿ, ಹಿಟ್ಟಿನ ಚೀಲಗಳ ಮೇಲೆ ಕೂತು ತಂಡದ ಉಳಿದ ಮೂವರೂ ಬಿಸಿ ಬ್ರೆಡ್ಡು ಮುರಿದು ತಿನ್ನುತ್ತಿದ್ದರು.

“ಒಲೆ ಸರಿಯಾಗಿ ಕಾದಿಲ್ಲ,” ಎಂದ ಅವನು. “ಬ್ರೆಡ್ಡಿನ ತಳ ನೋಡು, ಬಿಳಿ.”

“ತಿಂತಾ ಇರೋರ ಮುಖ ನೋಡು ಮಹಾರಾಯ.”

“ಮುಖ ಚೆನ್ನಾಗೇ ಇದೆ. ಹಸಿದೋರಿಗೆ ತಳ ಎಲ್ಲಿ ಕಾಣುತ್ತೆ.”

ಆದರೂ ಮರುದಿನ ಆ ಪುಟವನ್ನು ತನ್ನ ಫೋನಿನಲ್ಲಿ ತೆಗೆದುಕೊಂಡು ಹೋಗಿ ಬೇಕರಿಯಲ್ಲಿ ಎಲ್ಲರಿಗೂ ತೋರಿಸಿದ. ತಳದ ಬಗ್ಗೆ ಅಲ್ಲಿ ಎರಡು ಗುಂಪಾಗಿ ವಾದವಾಯಿತಂತೆ.

ಅವರ ಹದಿನಾರು ವರ್ಷದ ಮಗಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಅವಳು ಪುಸ್ತಕದಲ್ಲಿ ನೋಡಿದ್ದು ಕೂದಲು. ಶುಕ್ರವಾರ ಸಂಜೆ ಗೆಳತಿಯ ಮನೆಯಿಂದ ಬಂದಾಗ ಅವಳ ತಲೆಯ ಎಡಭಾಗ ನುಣ್ಣಗಿತ್ತು. ಊಟದ ಮೇಜಿನಲ್ಲಿ ಮೊದಲು ಮಾತಾಡಿದವರು ತಾತ.

“ಒಂದು ಕಡೆ ಅಂಗಳ, ಒಂದು ಕಡೆ ಕಾಡು. ಇದೇನು ತಲೆಯೋ, ಜಮೀನೋ?”

“ಎರಡೂ ಕಿವಿ ಕಾಣ್ಬೇಕು ಅಂತ ನೀನೇ ಹೇಳ್ತೀಯಲ್ಲ ತಾತ. ಒಂದಾದ್ರೂ ಕಾಣ್ತಾ ಇದೆ.”

“ಎಲ್ಲಾ ಆ ಪುಸ್ತಕದ ಮಹಿಮೆ.”

“ಪುಸ್ತಕ ಅವಳ ತಲೆ ಬೋಳಿಸಲಿಲ್ಲ,” ಎಂದಳು ಅಕ್ಕ. “ನೀವು ನೋಡದೇ ಇರೋ ಪುಸ್ತಕದ ಮೇಲೆ ಅಷ್ಟೊಂದು ತಪ್ಪು ಹೊರಿಸಬೇಡಿ.”

“ನೋಡಿದ್ದೀನಿ. ಮೂರು ಪುಟ.”

“ಕೂದಲು ಬೆಳೆಯುತ್ತೆ, ಊಟ ಆರುತ್ತೆ,” ಎಂದರು ಅಜ್ಜಿ. “ಮೊದಲು ಉಣ್ಣಿ.”

ಉಂಡರು. ಆಲೂಗಡ್ಡೆ ಎರಡನೆಯ ಸಲ ಬಡಿಸುವ ಹೊತ್ತಿಗೆ ತಾತ ಮೊಮ್ಮಗಳ ತಲೆಯನ್ನು ಪಕ್ಕದಿಂದ ನೋಡಿ, “ಈ ಕಡೆಯಿಂದ ಬೆಳಕು ಬಿಟ್ರೆ ಪರವಾಗಿಲ್ಲ,” ಎಂದರು. ಅಷ್ಟಕ್ಕೇ ಗುಬ್ಬಿ ಅವರ ತಟ್ಟೆಯನ್ನೂ ತೊಳೆದಿಟ್ಟಳು.

ಮುಂದಿನ ವಾರ ಗ್ರಂಥಾಲಯದವಳು ಗುರುತಿನ ಚೀಟಿಗೆ ಫೋಟೊ ತೆಗೆಸಲು ಬಂದಳು. ಎರಡನೆಯ ಬೀದಿಯ ಸಣ್ಣ ಗ್ರಂಥಾಲಯವನ್ನು ಒಬ್ಬಳೇ ನಡೆಸುವ, ನಗುಮುಖದ ಹೆಂಗಸು. ತೊಂದರೆಯಾದದ್ದು ಆ ನಗುವಿನಿಂದಲೇ.

“ನಗು ಚೀಟಿಗೆ ನಡೆಯಲ್ಲಮ್ಮ,” ಎಂದರು ತಾತ ಸ್ಟೂಲಿನ ಮೇಲಿಂದ. “ಕತ್ತು ನೇರ. ಗಲ್ಲ ಕೆಳಗೆ. ಇನ್ನೂ ಕೆಳಗೆ. ಅಷ್ಟು ಬೇಡ.”

“ಅಪ್ಪಾ, ನಾನು ಹೇಳ್ತೀನಿ.”

“ನೀನು ಹೇಳಲಿಲ್ಲ, ಅದಕ್ಕೇ ಹೇಳ್ದೆ.”

ಗಿರಾಕಿಯ ಎದುರಿಗೆ ಅಪ್ಪ ಮಗಳು ಹೀಗೆ ಕಚ್ಚಾಡುವುದು ಬೀದಿಗೆ ಹೊಸದಲ್ಲ. ಗ್ರಂಥಾಲಯದವಳು ನಗು ತಡೆಯಲು ಮುಖ ತಿರುಗಿಸಿದಳು. ಆಗ ಗಲ್ಲಾಪೆಟ್ಟಿಗೆಯ ಮೇಲಿದ್ದ ಪುಸ್ತಕ ಕಣ್ಣಿಗೆ ಬಿತ್ತು. ಫೋಟೊ ಮುಗಿದ ಮೇಲೂ ಹೊರಡದೆ, ನಿಂತಲ್ಲೇ ಹತ್ತು ಪುಟ ತಿರುಗಿಸಿದಳು. ಅಕ್ಕ ಪಕ್ಕದಲ್ಲಿ ನಿಂತು ಒಂದೊಂದು ಚಿತ್ರಕ್ಕೂ ಹೇಳುತ್ತಾ ಹೋದಳು: ಇವನು ಡ್ರಮ್ಮಿನವನು, ಇದು ಅವರ ವ್ಯಾನು, ಇದು ಆ ವ್ಯಾನಿನ ಹಿಂದಿನ ಬಾಗಿಲು ಕಳಚಿ ಬಿದ್ದ ದಿನ.

“ತಿಂಗಳ ಕೊನೇ ಶನಿವಾರ ನಮ್ಮಲ್ಲಿ ಓದುಗರ ಸಂಜೆ ಇರುತ್ತೆ. ನೀವು ಇದರ ಬಗ್ಗೆ ಮಾತಾಡಿ,” ಎಂದಳು ಗ್ರಂಥಾಲಯದವಳು.

“ನಾನಾ? ನಾನು ಕ್ಯಾಮೆರಾ ಹಿಂದೆ ನಿಲ್ಲೋಳು.”

“ಈಯಮ್ಮನೂ ಹಿಂದೇನೇ ನಿಂತಿದ್ದು ಅಲ್ವಾ? ಚಿತ್ರಗಳನ್ನ ಗೋಡೆ ಮೇಲೆ ದೊಡ್ಡದಾಗಿ ತೋರಿಸೋಣ. ಯಂತ್ರ ನಮ್ಮಲ್ಲಿದೆ.”

ಅಕ್ಕ ಒಪ್ಪಿಕೊಂಡಳು. ಅಂದು ರಾತ್ರಿ ಊಟಕ್ಕೆ ಕೂತಾಗ ತಾತ ಮಾತು ತೆಗೆದರು.

“ದರ್ಜಿ ಹೋಗಿ ಹರಿದ ಬಟ್ಟೆ ಹೊಗಳಿದ ಹಾಗಾಯ್ತು. ಊರಿನೋರು ಏನಂತಾರೆ? ಇವಳಿಗೆ ಸೊಟ್ಟ ಫೋಟೊನೇ ಇಷ್ಟ, ನಮ್ಮದನ್ನೂ ಹಾಗೇ ತೆಗೀತಾಳೆ ಅಂತಾರೆ.”

“ನೀವು ಬರ್ತೀರಾ ಇಲ್ವಾ, ಅಷ್ಟು ಹೇಳಿ.”

“ಮೊಣಕಾಲು.”

“ಗ್ರಂಥಾಲಯ ಎರಡನೇ ಬೀದಿ ಅಪ್ಪಾ.”

“ಮೊಣಕಾಲಿಗೆ ಬೀದಿ ಲೆಕ್ಕ ಗೊತ್ತಾಗಲ್ಲ.”

“ನಿನ್ನೆ ಇಸ್ಪೀಟಾಡೋಕೆ ಆರನೇ ಬೀದಿಗೆ ಹೋಗಿದ್ದು ಯಾರ ಮೊಣಕಾಲು?” ಎಂದು ಅಜ್ಜಿ ಕೇಳಿದರು.

ತಾತ ನೀರು ಕುಡಿದರು.

ಮುಂದಿನ ದಿನಗಳಲ್ಲಿ ಮನೆಯ ಕೆಲಸಗಳ ಹಂಚಿಕೆ ತಲೆಕೆಳಗಾಯಿತು. ಅಕ್ಕ ಸಂಜೆ ಸ್ಟುಡಿಯೊ ಬಾಗಿಲು ಹಾಕಿದ ಮೇಲೆ ಹಾಳೆ, ಪೆನ್ನು ಹಿಡಿದು ಕೂರುತ್ತಿದ್ದಳು. ಅಡುಗೆ ಗುಬ್ಬಿಯ ಪಾಲಿಗೆ ಬಂತು. ಮೊದಲ ದಿನ ಹುರುಳಿಕಾಯಿ ಸೀದಿತು, ಎರಡನೆಯ ದಿನ ಬೇಯಲಿಲ್ಲ. ಮೂರನೆಯ ದಿನ ಎರಡರ ನಡುವೆ ಬಂತು; ಅಂದು ಉಪ್ಪು ಮರೆತಿತ್ತು.

“ಬೇಕರಿಯಲ್ಲಿ ಇದನ್ನ ಮಾಡಿದ್ರೆ ನನ್ನನ್ನ ಒಲೆಗೇ ಹಾಕ್ತಿದ್ರು,” ಎಂದ ಅವಳ ಅಪ್ಪ.

“ಒಲೆ ಸರಿಯಾಗಿ ಕಾದಿದ್ರೆ ತಾನೇ,” ಎಂದಳು ಗುಬ್ಬಿ.

ಅಕ್ಕ ಬರೆಯುವಾಗ ಆ ತಂಡದ ಹಾಡುಗಳನ್ನು ಹಾಕಿಕೊಳ್ಳುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ, ಮೇಲಿನ ಕೋಣೆಯಲ್ಲಿ ಮಲಗಿದ್ದ ಬೇಕರಿಯವನು ದಿಂಬನ್ನು ತಲೆಗೆ ಕಟ್ಟಿಕೊಂಡು ಕೆಳಗಿಳಿದು ಬಂದ.

“ಮಹಾರಾಯ್ತಿ, ಅವಳು ಯಾಕೆ ಅಳ್ತಾ ಇದ್ದಾಳೆ?”

“ಅಳ್ತಾ ಇಲ್ಲ. ಅದು ಪಲ್ಲವಿ.”

“ಯಾವಾಗ ಮುಗಿಯುತ್ತೆ?”

“ಒಂದೂವರೆ ನಿಮಿಷದ ಹಾಡು. ನೀನು ಮೆಟ್ಟಿಲು ಇಳಿಯೋದ್ರಲ್ಲಿ ಎರಡು ಮುಗಿದವು.”

ಅವನು ಅಲ್ಲೇ ಕುರ್ಚಿಯ ಮೇಲೆ ಕೂತು ಮೂರನೆಯದನ್ನು ಕೇಳಿದ. ಕೂತಲ್ಲೇ ನಿದ್ದೆ ಹೋದ.

ಗುರುವಾರ ಮಧ್ಯಾಹ್ನ ಅಕ್ಕ ಪುಸ್ತಕದ ಚಿತ್ರಗಳ ಪ್ರತಿ ತೆಗೆಯಲು ಕೂತಳು. ಗೋಡೆಯ ಮೇಲೆ ತೋರಿಸಬೇಕಾದರೆ ಒಂದೊಂದು ಪುಟವನ್ನೂ ಮತ್ತೆ ಫೋಟೊ ತೆಗೆಯಬೇಕು. ಹಳೆಯ ಚಿತ್ರಗಳ ಪ್ರತಿ ತೆಗೆಯಲೆಂದು ಸ್ಟುಡಿಯೊದ ಮೂಲೆಯಲ್ಲಿ ಒಂದು ಸ್ಟ್ಯಾಂಡ್ ಇತ್ತು: ಕೆಳಗೆ ಹಲಗೆ, ಮೇಲೆ ನೆಲ ನೋಡುವ ಕ್ಯಾಮೆರಾ, ಎರಡು ಪಕ್ಕದಲ್ಲಿ ದೀಪ. ತೋರಿಸಬೇಕಾದ ಪುಟಗಳಿಗೆ ಅಕ್ಕ ಕೆಂಪು ಚೀಟಿ ಇಟ್ಟಿದ್ದಳು. ಆದರೆ ಹೊಳಪಿನ ಕಾಗದ. ದೀಪ ಎಲ್ಲಿಟ್ಟರೂ ಪುಟದ ನಡುವೆ ಬಿಳಿ ಮಚ್ಚೆ ಬೀಳುತ್ತಿತ್ತು. ನಾಲ್ಕು ಸಲ ತೆಗೆದಳು, ನಾಲ್ಕು ಸಲವೂ ಮಚ್ಚೆ ಬಿತ್ತು.

ತಾತ ಸ್ಟೂಲಿನ ಮೇಲಿಂದ ನೋಡುತ್ತಿದ್ದರು. ಐದನೆಯ ಸಲಕ್ಕೆ ತಡೆಯಲಾಗಲಿಲ್ಲ.

“ದೀಪ ಹತ್ತಿರ ಆಯ್ತು. ಕಳ್ಳನ ಮುಖಕ್ಕೆ ಬ್ಯಾಟರಿ ಬಿಟ್ಟ ಹಾಗೆ ಬಿಡ್ತಾ ಇದ್ದೀಯಾ. ಸರಿ ಪಕ್ಕಕ್ಕೆ.”

“ನಿಮಗೆ ಬೇಡದ ಪುಸ್ತಕ.”

“ಪುಸ್ತಕ ಬೇಡ. ಕೆಲಸ ಕೆಟ್ಟದಾಗಿ ನಡೆಯೋದನ್ನ ನೋಡೋಕಾಗಲ್ಲ.”

ಅವರು ಹಲಗೆಯ ಆಚೆ ಬದಿಗೆ ಹೋಗಿ ದೀಪ ಹಿಂದಕ್ಕೆ ಸರಿಸಿ, ಅದಕ್ಕೆ ತೆಳು ಬಟ್ಟೆ ಕಟ್ಟಿದರು. ಮಚ್ಚೆ ಮಾಯವಾಯಿತು. ಅಷ್ಟರಲ್ಲಿ ಬಾಗಿಲಲ್ಲಿ ಗಂಡ ಹೆಂಡತಿ, ಜೊತೆಗೊಂದು ಹಸುಗೂಸು. ಕೂಸಿನ ಮೊದಲ ಫೋಟೊ ಆಗಬೇಕಿತ್ತು. ಕೂಸು ಅಳುತ್ತಿತ್ತು, ಅಳು ನಿಂತರೆ ನಿದ್ದೆ ಹೋಗುತ್ತಿತ್ತು. ಅದು ಕಣ್ಣು ಬಿಟ್ಟು ಸುಮ್ಮನಿರುವ ಗಳಿಗೆಗೆ ಅಕ್ಕ ಒಂದು ಗಂಟೆಗೂ ಹೆಚ್ಚು ಕಾದಳು. ನಡುವೆ ಒಮ್ಮೆ ತಿರುಗಿ ನೋಡಿದಾಗ, ತಾತ ಹಲಗೆಯ ಆಚೆ ಬದಿಯಲ್ಲೇ ಕೂತಿದ್ದರು. ಪುಸ್ತಕ ಅವರಿಗೆ ತಲೆಕೆಳಗಾಗಿತ್ತು. ನಲವತ್ತು ವರ್ಷ ಅವರು ಕೆಲಸ ಮಾಡಿದ ಮರದ ಕ್ಯಾಮೆರಾದಲ್ಲಿ, ಹಿಂದಿನ ಗಾಜಿನ ಮೇಲೆ ಎಲ್ಲರೂ ತಲೆಕೆಳಗಾಗಿಯೇ ಕಾಣುತ್ತಿದ್ದರು. ಹಾಗೆ ಬಾಗಿದ ಅವರ ಬೆನ್ನನ್ನು ಅಕ್ಕ ಚಿಕ್ಕಂದಿನಿಂದ ನೋಡಿದ್ದಳು. ಗುಬ್ಬಿ ಪಕ್ಕದಲ್ಲಿ ನಿಂತು ಅವರು ಹೇಳಿದಾಗೆಲ್ಲ ಗುಂಡಿ ಒತ್ತುತ್ತಿದ್ದಳು.

ಕೂಸಿನವರು ಹೋದ ಮೇಲೆ ಅಕ್ಕ ಕೇಳಿದಳು: “ಮುಗೀತಾ?”

“ಮುಗೀತು.”

“ನೋಡಿದ್ರಾ?”

“ದೀಪ ನೋಡ್ದೆ. ಮಚ್ಚೆ ಬೀಳಬಾರದಲ್ಲ,” ಎಂದು ತಾತ ದೀಪ ಆರಿಸಿದರು.

ಗುಬ್ಬಿ ಏನೋ ಹೇಳಲು ಬಾಯಿ ತೆರೆದು ಮುಚ್ಚಿದಳು. ಅಕ್ಕನಿಗೆ ಅದನ್ನು ಗಮನಿಸುವ ಮನಸ್ಸಿರಲಿಲ್ಲ. ಇಡೀ ಮಧ್ಯಾಹ್ನ ಪುಸ್ತಕದ ಮೇಲೆ ಬಗ್ಗಿ ಕೂತೂ 'ದೀಪ ನೋಡ್ದೆ' ಎನ್ನುವ ಮನುಷ್ಯನಿಗೆ ಇನ್ನು ಯಾವ ರೀತಿ ಹೇಳುವುದು ಎಂದು ಬೇಸತ್ತು, ಅಂದು ಅವಳು ಬರೆದಿಟ್ಟ ಹಾಳೆಗಳನ್ನು ತೆರೆಯಲೂ ಇಲ್ಲ. ಪ್ರತಿಗಳಲ್ಲಿ ಮೊದಲ ನಾಲ್ಕನ್ನು ಮಾತ್ರ ತೆರೆದು ನೋಡಿದಳು. ತಂಡದ ನಾಲ್ವರ ಮುಖಗಳು, ಗಿಟಾರಿನವಳದು ಕನ್ನಡಿಯಲ್ಲಿ ತಾನೇ ತೆಗೆದುಕೊಂಡದ್ದು; ಎಲ್ಲವೂ ಚೊಕ್ಕಟವಾಗಿ ಬಂದಿದ್ದವು.

ಶನಿವಾರ ಸಂಜೆ ಐದಕ್ಕೆ ಗ್ರಂಥಾಲಯದ ಓದುವ ಕೋಣೆಯಲ್ಲಿ ಕುರ್ಚಿಗಳೆಲ್ಲ ತುಂಬಿದವು. ಔಷಧದಂಗಡಿಯವರು, ಶಾಲೆಯ ಇಬ್ಬರು ಮಾಸ್ತರುಗಳು, ಬೇಕರಿಯಿಂದ ಬ್ರೆಡ್ಡಿನ ತಳದ ವಾದ ಮುಗಿಸದ ಮೂವರು ಬಂದಿದ್ದರು. ಐದೂ ಹತ್ತಕ್ಕೆ ಬಾಗಿಲು ತೆರೆದು ಅಜ್ಜಿ ಬಂದರು. ಅವರ ಹಿಂದೆ ತಾತ, ಇಸ್ತ್ರಿ ಮಾಡಿದ ಅಂಗಿಯಲ್ಲಿ.

“ಮನೇಲಿ ಒಬ್ಬರೇ ಇದ್ರೆ ಬೇಜಾರಂತೆ,” ಎಂದು ಅಜ್ಜಿ ಯಾರೂ ಕೇಳದಿದ್ದರೂ ಹೇಳಿದರು. ಇಬ್ಬರೂ ಎರಡನೆಯ ಸಾಲಿನಲ್ಲಿ ಕೂತರು.

ಅಕ್ಕ ಎದ್ದು ನಿಂತಳು. ಗುಬ್ಬಿ ಯಂತ್ರದ ಹತ್ತಿರ ನಿಂತಿದ್ದಳು. ಗೋಡೆಯ ಮೇಲೆ ನಾಲ್ಕು ಮುಖಗಳು ಒಂದಾದ ಮೇಲೊಂದು ಬಂದುಹೋದವು.

“ಇದು ಹಾಡುಗಾರರ ಪುಸ್ತಕ. ಆದ್ರೆ ಇದರಲ್ಲಿ ಒಂದೂ ಹಾಡಿಲ್ಲ,” ಎಂದು ಅಕ್ಕ ಶುರುಮಾಡಿದಳು. “ವೇದಿಕೆ ಮೇಲಿರೋ ಒಂದು ಫೋಟೊನೂ ಇಲ್ಲ. ಯಾಕೆ ಅಂದ್ರೆ, ಹಾಡೋ ಹೊತ್ತಲ್ಲಿ ಗಿಟಾರಿನವಳ ಕೈಯಲ್ಲಿ ಗಿಟಾರಿರುತ್ತಿತ್ತು. ಕೈ ಖಾಲಿ ಆದಾಗ ಮಾತ್ರ ಕ್ಯಾಮೆರಾ. ಹಾಗಾಗಿ ಅವಳ ಹತ್ರ ಉಳಿದಿದ್ದು ಬಾಕಿ ಎಲ್ಲಾ ಗಂಟೆಗಳು. ತಿನ್ನೋದು, ಒಗೆಯೋದು, ಕಾಯೋದು, ಜಗಳ ಆಡೋದು. ನಮ್ಮ ಸ್ಟುಡಿಯೊದಲ್ಲಿ ಕುರ್ಚಿ ಮೇಲೆ ಕೂತ ಕೂಡಲೇ ಜನ ಬೇರೆಯೋರೇ ಆಗಿಬಿಡ್ತಾರೆ. ಇವಳ ಮುಂದೆ ಯಾರೂ ಬೇರೆಯೋರಾಗಿಲ್ಲ. ಈ ಕಂಬ ನೋಡಿ. ಎಷ್ಟು ಧೈರ್ಯವಾಗಿ ವಾಲಿಕೊಂಡು—”

ಅವಳು ಗೋಡೆ ನೋಡಿದಳು. ಕಂಬ ದಂಡದಂತೆ ನೆಟ್ಟಗೆ ನಿಂತಿತ್ತು. ಅದರ ಬದಲು ಪುಟದ ಬಿಳಿ ಅಂಚು, ಕೆಳಗಿನ ಪುಟಸಂಖ್ಯೆ, ಬೀದಿ, ಮನೆಗಳು ಎಲ್ಲವೂ ಓರೆಯಾಗಿದ್ದವು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

“ಗುಬ್ಬಿ, ಮುಂದಿನದು.”

ಮುಂದಿನದರಲ್ಲಿ ಬಚ್ಚಲ ತೊಟ್ಟಿ ನೇರ, ಪುಟ ಓರೆ. ಅದರ ಮುಂದಿನದರಲ್ಲಿ ಗೋಡೆಗೊರಗಿ ಮಲಗಿದ್ದ ಡ್ರಮ್ಮಿನವನು ಸೈನಿಕನಂತೆ ನಿಂತಿದ್ದ, ಗೋಡೆ ಅವನ ಮೇಲೆ ಬೀಳುತ್ತಿತ್ತು. ಪುಸ್ತಕವನ್ನು ಹಲಗೆಯ ಮೇಲೆ ಅತ್ತಿತ್ತ ತಿರುಗಿಸಿ, ಗಿಟಾರಿನವಳ ಒಂದೊಂದು ಚಿತ್ರವನ್ನೂ ಯಾರೋ ನೇರ ಮಾಡಿದ್ದರು. ಯಾರೆಂದು ಯಾರೂ ಕೇಳಬೇಕಾಗಿರಲಿಲ್ಲ.

“ಅಪ್ಪಾ. ಇದೇನಿದು?”

“ಫೋಟೊಗಳು ಚೆನ್ನಾಗಿವೆ,” ಎಂದರು ತಾತ ಕೂತಲ್ಲಿಂದ. “ಕತ್ತು ಮಾತ್ರ ಸೊಟ್ಟ. ಸರಿ ಮಾಡಿದೆ.”

ಕೋಣೆಯಲ್ಲಿ ನಗು ಎದ್ದಿತು. ಅಕ್ಕನ ಕಿವಿ ಬಿಸಿಯಾಯಿತು. ಆದರೆ ಅವಳು ಆ ಸ್ಟುಡಿಯೊದಲ್ಲಿ ಬೆಳೆದವಳು. ಗಿರಾಕಿಗಳ ಎದುರಿಗೆ ಅಪ್ಪನಿಗೆ ಉತ್ತರ ಕೊಡುವುದು ಅವಳಿಗೆ ರೂಢಿ.

“ಆ ಕಂಬ ನಿಜವಾಗಲೂ ಸೊಟ್ಟ ಇತ್ತು. ಹಿಂದಿನ ರಾತ್ರಿ ಇವರ ವ್ಯಾನೇ ಅದಕ್ಕೆ ಗುದ್ದಿತ್ತು. ಬೆಳಿಗ್ಗೆ ಎದ್ದು ತೆಗೆದ ಫೋಟೊ.”

“ಗುದ್ದಿತ್ತಾ? ಹೇಳಬೇಕು ತಾನೇ.”

“ಕೆಳಗೆ ಬರೆದಿದೆ.”

“ಬರೆದಿದ್ರೆ ಆಗಲಿಲ್ಲ. ಫೋಟೊದಲ್ಲೇ ಕಾಣ್ಬೇಕು,” ಎಂದರು ತಾತ. ಮಾಸ್ತರೊಬ್ಬರು ತಲೆದೂಗಿದರು.

“ಮುಂದಿನದು,” ಎಂದಳು ಅಕ್ಕ.

ಗೋಡೆಯ ಮೇಲೆ ವ್ಯಾನಿನ ಒಳಭಾಗ ಬಂತು. ಮಡಚುವ ಮೇಜು, ಅದರ ಸುತ್ತ ತಂಡದ ಮೂವರು, ಮೇಜಿನ ಮೇಲೆ ನಾಲ್ಕು ಗಾಜಿನ ಲೋಟಗಳಲ್ಲಿ ಹಾಲಿಲ್ಲದ ಟೀ. ನಾಲ್ಕನೆಯ ಲೋಟ ಫೋಟೊ ತೆಗೆದವಳದು. ಅಕ್ಕ ಕೈಯಲ್ಲಿದ್ದ ಹಾಳೆ ತಿರುಗಿಸಿ ನೋಡಿದಳು. ಆ ಪುಟಕ್ಕೆ ಅವಳು ಚೀಟಿ ಇಟ್ಟಿರಲಿಲ್ಲ.

“ಗುಬ್ಬಿ, ಇದು ನನ್ನದಲ್ಲ.”

“ತಾತನದು,” ಎಂದಳು ಗುಬ್ಬಿ. “ಅವತ್ತು ಪುಸ್ತಕ ಪೂರ್ತಿ ತೆಗೆದ್ರಮ್ಮ. ಕೊನೇ ಪುಟದ ತನಕ. ಇದೊಂದನ್ನ ನೀನು ಬಿಟ್ಟಿದ್ದೀಯ, ಸೇರಿಸು ಅಂದ್ರು. ನಿಂಗೆ ಹೇಳಬೇಡ ಅಂದ್ರು.”

ಅಕ್ಕ ಮೇಜಿನ ಮೇಲಿದ್ದ ನೀರು ಕುಡಿದಳು. ಮುಂದಿನ ವಾಕ್ಯ ಏನೆಂದು ಅವಳಿಗೆ ನೆನಪಾಗಲಿಲ್ಲ. ಹಾಳೆಯಲ್ಲಿ ಹುಡುಕಿದಳು, ಅಕ್ಷರಗಳು ಕಾಣಲಿಲ್ಲ. ಕೋಣೆಯಲ್ಲಿ ಯಾರೂ ಅವಳನ್ನು ನೋಡುತ್ತಿರಲಿಲ್ಲ. ತಾತ ಎದ್ದು ಗೋಡೆಯ ಕಡೆ ನಡೆಯುತ್ತಿದ್ದರು.

ಅವರು ಚಿತ್ರದ ಹತ್ತಿರ ನಿಂತರು. ತಲೆಯನ್ನು ಎಡಕ್ಕೆ ವಾಲಿಸಿದರು, ಇನ್ನಷ್ಟು ವಾಲಿಸಿದರು.

“ತಾತ, ಕತ್ತು ನೇರ,” ಎಂದರು ಔಷಧದಂಗಡಿಯವರು. ಕೋಣೆ ಮತ್ತೆ ನಕ್ಕಿತು. ತಾತ ನಗಲಿಲ್ಲ.

“ತಪ್ಪಾಗಿದೆ,” ಎಂದರು.

“ಏನು ತಪ್ಪು?” ಗ್ರಂಥಾಲಯದವಳು ಕೇಳಿದಳು.

“ಟೀ ನೋಡಿ. ಲೋಟ ನೆಟ್ಟಗಿದೆ, ಟೀ ಓರೆ. ನಾಲ್ಕರಲ್ಲೂ ಒಂದೇ ಕಡೆ ಏರಿದೆ. ನೀರು ಎಲ್ಲಾದ್ರೂ ಓರೆ ನಿಲ್ಲುತ್ತಾ?” ಅವರು ಬೆರಳಿನಿಂದ ಒಂದೊಂದು ಲೋಟ ತೋರಿಸಿದರು. “ನಾನು ಮೇಜು ನೋಡಿ ನೇರ ಮಾಡ್ದೆ. ಟೀ ನೋಡ್ಬೇಕಿತ್ತು. ವ್ಯಾನು ಇಳಿಜಾರಲ್ಲಿ ನಿಂತಿದೆ. ಮೇಜು ವಾಲಿದೆ, ಕೂತೋರು ವಾಲಿದ್ದಾರೆ. ಅವಳೂ ಅದೇ ವ್ಯಾನಲ್ಲಿ ಕೂತಿದ್ದಳು ತಾನೇ? ಆದ್ರೂ ಕ್ಯಾಮೆರಾನ ಮಾತ್ರ ನೆಟ್ಟಗೆ ಹಿಡಿದಿದ್ದಾಳೆ. ಅದು ಸುಲಭ ಅಲ್ಲ. ನಂಗೂ ಆಗ್ತಿರಲಿಲ್ಲ.”

ಅಕ್ಕ ಪುಸ್ತಕ ತೆರೆದು ಆ ಪುಟ ಹುಡುಕಿದಳು. ಕೆಳಗೆ ಬರೆದಿದ್ದನ್ನು ಓದಿದಳು: ಬ್ರೇಕು ಹಿಡಿಯದ ವ್ಯಾನಿನ ಚಕ್ರಕ್ಕೆ ಕಲ್ಲು ಕೊಟ್ಟು, ಗುಡ್ಡದ ರಸ್ತೆಯಲ್ಲಿ ತಿಂಡಿ ತಿಂದ ಬೆಳಿಗ್ಗೆ.

“ಓದೋದು ಬೇಡ. ಕಾಣ್ತಾ ಇದೆ,” ಎಂದರು ತಾತ.

“ಇಷ್ಟು ದಿನ ನೋಡಿದ್ದೀನಿ ಈ ಪುಟಾನ. ಟೀ ನಂಗೆ ಕಾಣಲೇ ಇಲ್ಲ ಅಪ್ಪಾ.”

“ನೀನು ಮುಖ ನೋಡ್ತೀಯಾ. ಮೊದಲಿಂದಲೂ ಹಾಗೇ,” ಎಂದು ತಾತ ಸೀಟಿಗೆ ಹೋಗುವ ಬದಲು ಅಲ್ಲೇ ಪಕ್ಕದ ಮೇಜಿಗೆ ಒರಗಿದರು. “ಮುಂದಿನದು ಹಾಕು ಗುಬ್ಬಿ. ನೋಡೋಣ, ಎಷ್ಟು ಕೆಡಿಸಿದ್ದೀನಿ ಅಂತ.”

ಉಳಿದ ಚಿತ್ರಗಳನ್ನು ಅಪ್ಪ ಮಗಳು ಸೇರಿ ತೋರಿಸಿದರು. ಅವಳು ಮುಖಗಳ ಕಥೆ ಹೇಳಿದಳು. ಅವರು ಒಂದೊಂದರಲ್ಲೂ ನೇತಾಡುವ ದಾರ, ಬಕೆಟ್ಟಿನ ನೀರು, ಒಣಗಲು ಹಾಕಿದ ಬಟ್ಟೆ ಹುಡುಕಿ, ಕ್ಯಾಮೆರಾ ಹೇಗೆ ಹಿಡಿದಿದ್ದಳೆಂದು ತೀರ್ಪು ಕೊಟ್ಟರು. ಎಲ್ಲ ತೀರ್ಪೂ ಗಿಟಾರಿನವಳ ಪರವಾಗಿರಲಿಲ್ಲ. ಕೆಲವು ಬರೀ ಸೊಟ್ಟ, ಕೈ ನಡುಗಿದ್ದು ಎಂದರು. ಅಕ್ಕ ಒಪ್ಪಲಿಲ್ಲ. ಮಾಸ್ತರುಗಳೂ ಬೇಕರಿಯವರೂ ಪಕ್ಷ ಕಟ್ಟಿಕೊಂಡು ವಾದಕ್ಕಿಳಿದರು. ಆರೂವರೆಗೆ ಮುಗಿಯಬೇಕಾದದ್ದು ಏಳೂಕಾಲಾದರೂ ಮುಗಿಯದೆ, ಗ್ರಂಥಾಲಯದವಳು ದೀಪ ಆರಿಸಿ ಎಲ್ಲರನ್ನೂ ಎಬ್ಬಿಸಬೇಕಾಯಿತು. ಮುಂದಿನ ತಿಂಗಳು ಇದನ್ನೇ ಇನ್ನೊಮ್ಮೆ ಇಟ್ಟುಕೊಳ್ಳೋಣ, ಚಿತ್ರಗಳನ್ನು ಮಾತ್ರ ಇದ್ದ ಹಾಗೆ ತನ್ನಿ ಎಂದಳು.

ಮನೆಗೆ ನಡೆಯುವಾಗ ಅಕ್ಕ ಕೇಳಿದಳು: “ದೀಪ ನೋಡ್ದೆ ಅಂದ್ರಲ್ಲ ಅವತ್ತು.”

“ದೀಪಾನೂ ನೋಡ್ದೆ,” ಎಂದರು ತಾತ.

“ಅಷ್ಟು ಹೇಳೋಕೆ ಎರಡು ದಿನ,” ಎಂದರು ಅಜ್ಜಿ. “ನಂಗೆ ಎರಡು ವರ್ಷ ಹಿಡಿದಿತ್ತು. ನೀನೇ ಪುಣ್ಯವಂತೆ.”

ಮರುದಿನ ಭಾನುವಾರ, ತಿಂಡಿಯಾದ ಮೇಲೆ ತಾತ ಪುಸ್ತಕವನ್ನು ಮತ್ತೆ ಸ್ಟ್ಯಾಂಡಿನ ಕೆಳಗಿಟ್ಟರು. ಅಕ್ಕ ಎದುರಿಗೆ ಕೂತಳು. ಊಟದ ಹೊತ್ತಿಗೆ ಅರ್ಧ ಮುಗಿಯಿತು, ಕತ್ತಲಾಗುವ ಮುಂಚೆ ಪೂರ್ತಿ ಮುಗಿಯಿತು. ಮೂರು ಚಿತ್ರಗಳ ವಿಷಯದಲ್ಲಿ ಮಾತ್ರ ಇಬ್ಬರಿಗೂ ಒಮ್ಮತ ಬರಲಿಲ್ಲ. ಆ ಮೂರನ್ನು ಎರಡೆರಡು ಸಲ ತೆಗೆದರು, ಒಮ್ಮೆ ಇದ್ದ ಹಾಗೆ, ಒಮ್ಮೆ ನೇರವಾಗಿ.